ಪದಚರ್ಚೆ: ರೇಡ್ ಕಾರ್ಡ್, ಎಚ್‌ಬಿಎ, ಸಾಟಾ ಕಾರ್ಡ್ – ಎಲ್ಲವೂ ‘ನಿಯಂತ್ರಕ’ವೇ?

ಪ್ರಶ್ನೆ

ಮನೆಯಲ್ಲೇ ಸರ್ವರ್ ಕಟ್ಟಿಕೊಳ್ಳುವವರಿಗೆಂದು ಕೈಪಿಡಿಯೊಂದು ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಮದರ್‌ಬೋರ್ಡಿನ ನಾಲ್ಕಾರು ಸಾಟಾ ಪೋರ್ಟು (ಡಿಸ್ಕಿನ ಕೇಬಲ್ ಚುಚ್ಚುವ ಕಿಂಡಿ) ಸಾಲದೆ ಹೋದಾಗ ಹಾಕುವ ಕಾರ್ಡಿನ ಅಧ್ಯಾಯಕ್ಕೆ ಬಂದು ಪದಗಳು ಕೈಕೊಟ್ಟಿವೆ. ‘ಸ್ಟೋರೇಜ್ ಕಂಟ್ರೋಲರ್’ಗೆ ‘ಸಂಗ್ರಹ ನಿಯಂತ್ರಕ’ ಎಂದು ಹಾಕಿದ್ದಾಯಿತು. ಈಗ ರೇಡ್ ಕಾರ್ಡಿಗೂ (ಹಲವು ಡಿಸ್ಕನ್ನು ಒಂದಾಗಿ ಕಟ್ಟುವ ಏರ್ಪಾಡು ರೇಡ್) ಅದೇ, ಎಚ್‌ಬಿಎಗೂ ಅದೇ, ಸಾಟಾ ಕಾರ್ಡಿಗೂ ಅದೇ. ಎಚ್‌ಬಿಎಯ ಪೂರ್ಣ ಹೆಸರಾದ ‘ಹೋಸ್ಟ್ ಬಸ್ ಅಡಾಪ್ಟರ್’ ಕರಡಿನಲ್ಲಿ ‘ಆತಿಥೇಯ ಬಸ್ ಸಂಯೋಜಕ’ ಆಗಿದೆ. ಓದಿದವರು ಇದು ಮದುವೆ ದಿಬ್ಬಣದ ಬಸ್ಸೋ ಎಂದು ಕೇಳಿದರು. ಇಂಥ ಕಾರ್ಡಿನ ‘ಐಟಿ ಮೋಡ್’ಗೆ ‘ಮಾಹಿತಿ ತಂತ್ರಜ್ಞಾನ ವಿಧಾನ’ ಸರಿಯೇ? ರೇಡ್ ಹೆಸರಿನ ಮೊದಲ ಪದವಾದ ‘ರಿಡಂಡೆಂಟ್’ಗೆ ‘ಅನಗತ್ಯ’, ‘ಪ್ಯಾರಿಟಿ’ಗೆ ‘ಸಮಾನತೆ’ ನಡೆಯುತ್ತವೆಯೇ?

ಉತ್ತರ 1

‘ಮಾಹಿತಿ ತಂತ್ರಜ್ಞಾನ ವಿಧಾನ’ವನ್ನು ಮೊದಲು ಅಳಿಸಿಬಿಡಿ. ಆ ಐಟಿ ಬೇರೆ, ಈ ಐಟಿ ಬೇರೆ. ಇದು ‘ಇನಿಶಿಯೇಟರ್ ಟಾರ್ಗೆಟ್’. ಸ್ಕಸಿ (ಕಂಪ್ಯೂಟರ್ ಡಿಸ್ಕಿನೊಡನೆ ಮಾತಾಡುವ ಒಂದು ನಿಯಮಾವಳಿ) ಪರಿಭಾಷೆಯಲ್ಲಿ ಅಪ್ಪಣೆ ಕೊಡುವುದು ಇನಿಶಿಯೇಟರ್, ಅದರಂತೆ ನಡೆಯುವುದು ಟಾರ್ಗೆಟ್. ಕಾರ್ಡು ನಡುವೆ ತನ್ನದೇನನ್ನೂ ಸೇರಿಸದೆ ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಲುಪಿಸುವ ಫರ್ಮ್‌ವೇರ್ (ಕಾರ್ಡಿನೊಳಗೇ ಕೂತ ತಂತ್ರಾಂಶ) ಇದು. ಇದರ ಜೊತೆಯ ‘ಐಆರ್’ ಎಂದರೆ ‘ಇಂಟಿಗ್ರೇಟೆಡ್ ರೇಡ್’. ಎಲ್‌ಎಸ್‌ಐ ಕಂಪನಿಯ 9211-8ಐ ಕಾರ್ಡಿಗೆ ಎರಡೂ ಬಗೆಯ ಫರ್ಮ್‌ವೇರ್ ಸಿಗುತ್ತದೆ. ಹೆಸರಿನ ಕೊನೆಯ ‘8ಐ’ಯಲ್ಲಿರುವ ಐ ಮೂರನೆಯದು, ‘ಒಳಗಿನ’ ಎಂಬುದರ ಸಂಕ್ಷೇಪ: ಎಂಟು ಪೋರ್ಟು, ಪೆಟ್ಟಿಗೆಯ ಒಳಬದಿಗೆ. ‘8ಇ’ ಎಂದಿದ್ದರೆ ಪೋರ್ಟುಗಳು ಪೆಟ್ಟಿಗೆಯ ಹಿಂದೆ ಹೊರಮುಖವಾಗಿರುತ್ತವೆ. ಅಗ್ಗಕ್ಕೆ ಸಿಕ್ಕಿತೆಂದು ‘8ಇ’ ಕೊಂಡರೆ ಒಳಗಿನ ಡಿಸ್ಕಿಗೆ ಕೇಬಲ್ ಎಳೆಯಲು ದಾರಿ ಹುಡುಕಬೇಕು. ಕೈಪಿಡಿಯಲ್ಲಿ ಇದಕ್ಕೊಂದು ಸಾಲು ಇರಲಿ.

ಇನ್ನು ‘ನಿಯಂತ್ರಕ’. ಬಸ್ ನಿಲ್ದಾಣದ ಸಂಚಾರ ನಿಯಂತ್ರಕರು ಯಾವ ಬಸ್ಸು ಯಾವಾಗ ಹೊರಡಬೇಕೆಂದು ತೀರ್ಮಾನಿಸುತ್ತಾರೆ. ಕನ್ನಡ ಓದುಗರ ಕಿವಿಗೆ ನಿಯಂತ್ರಕ ಎಂದರೆ ತೀರ್ಮಾನಿಸುವವನು. ರೇಡ್ ಕಾರ್ಡಿಗೆ ಈ ಪದ ಚೆನ್ನಾಗಿ ಒಪ್ಪುತ್ತದೆ: ನಾಲ್ಕು ಡಿಸ್ಕನ್ನು ತನ್ನ ಬೆನ್ನ ಹಿಂದೆ ಇಟ್ಟುಕೊಂಡು ಕಂಪ್ಯೂಟರಿಗೆ ಒಂದೇ ಡಿಸ್ಕ್ ಎಂದು ತೋರಿಸುತ್ತದೆ, ಎಲ್ಲಿ ಏನು ಬರೆಯಬೇಕೆಂದು ತಾನೇ ನಿರ್ಧರಿಸುತ್ತದೆ. ಎಚ್‌ಬಿಎ ತೀರ್ಮಾನಿಸುವುದೇ ಇಲ್ಲ. ಡಿಸ್ಕುಗಳನ್ನು ಇದ್ದ ಹಾಗೆ ತೋರಿಸಿ ಪಕ್ಕಕ್ಕೆ ಸರಿಯುತ್ತದೆ.

ಎರಡಕ್ಕೂ ಒಂದೇ ಪದ ಹಾಕಿದರೆ ಓದುಗರಿಗೆ ನಷ್ಟ. ಡಿಸ್ಕುಗಳನ್ನು ತಾನೇ ನೋಡಿಕೊಳ್ಳುವ ಜೆಡ್‌ಎಫ್‌ಎಸ್ ಕಡತ ವ್ಯವಸ್ಥೆ ಹಾಕುವವರಿಗೆ ಬರಿಯ ಡಿಸ್ಕ್ ಬೇಕು. ಅವರು ‘ಸಂಗ್ರಹ ನಿಯಂತ್ರಕ ಕೊಳ್ಳಿ’ ಎಂಬುದನ್ನು ಓದಿ ರೇಡ್ ಕಾರ್ಡ್ ತಂದರೆ ತೊಂದರೆಗಳು ಒಂದರ ಹಿಂದೊಂದು ಬರುತ್ತವೆ. ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್ ಮಾಹಿತಿ ನೇರವಾಗಿ ಕಾಣದೆ, ಕಾರ್ಡಿನ ಮೂಲಕ ಸುತ್ತಿ ಕೇಳಬೇಕಾಗುತ್ತದೆ. ಕಾರ್ಡಿನ ಕ್ಯಾಶ್ (ತಾತ್ಕಾಲಿಕ ನೆನಪು) ‘ಬರೆದಾಯಿತು’ ಎಂದು ಹೇಳಿರುತ್ತದೆ, ಡಿಸ್ಕಿನಲ್ಲಿ ಇನ್ನೂ ಬರೆದಿರುವುದಿಲ್ಲ; ಕ್ಯಾಶ್ ಕಾಯುವ ಬ್ಯಾಟರಿ ಸತ್ತಿದ್ದ ಹೊತ್ತಿನಲ್ಲಿ ಕರೆಂಟು ಹೋದರೆ ಆ ಬರಹ ಹೋದಂತೆಯೇ. ಕಾರ್ಡು ಕೆಟ್ಟರಂತೂ ಅದರ ಲೇಔಟ್ ಓದಬಲ್ಲ ಅದೇ ಕುಟುಂಬದ ಇನ್ನೊಂದು ಕಾರ್ಡನ್ನೇ ಹುಡುಕಿಕೊಂಡು ಹೋಗಬೇಕು. ಪ್ರತಿ ಡಿಸ್ಕನ್ನೂ ಒಂಟಿ ‘ರೇಡ್ 0’ ಮಾಡಿಕೊಂಡರೆ ಎಚ್‌ಬಿಎ ಇದ್ದಂತೆಯೇ ಎಂದು ಹೇಳುವವರಿದ್ದಾರೆ. ಅಲ್ಲ. ಮೇಲಿನ ಒಂದು ತೊಂದರೆಯೂ ಅದರಿಂದ ಹೋಗುವುದಿಲ್ಲ.

ಎಚ್‌ಬಿಎಗೆ ‘ಜೋಡಕ’ ಸಾಕು. ಹೋಸ್ಟ್ ಎಂದರೆ ಇಲ್ಲಿ ಕಂಪ್ಯೂಟರ್ ಅಷ್ಟೇ. ಅತಿಥಿಯೇ ಇಲ್ಲದ ಕಡೆ ಆತಿಥೇಯ ಯಾಕೆ? ಮೊದಲ ಸಲ ‘ಡಿಸ್ಕ್ ಜೋಡಕ’ ಎಂದು ವಿವರಿಸಿ, ಮುಂದೆ ಎಚ್‌ಬಿಎ ಎಂದೇ ಬರೆಯಿರಿ. ಅಂಗಡಿಯಲ್ಲಿ ಕೇಳಬೇಕಾದ ಹೆಸರು ಅದೇ.

ಕಾರ್ಡಿನ ಫರ್ಮ್‌ವೇರ್ ಬದಲಿಸುವ ‘ಫ್ಲ್ಯಾಶ್ ಮಾಡು’ ಎಂಬುದನ್ನು ಹಾಗೇ ಬಿಡಿ. ಆದರೆ ‘ಅಳಿಸು’, ‘ಬರೆ’ ಎರಡನ್ನೂ ಬೇರೆ ಬೇರೆ ಹಂತವಾಗಿ ಹೇಳಿ, ಏಕೆಂದರೆ ಕಾರ್ಡು ಸಾಯುವುದು ಆ ಎರಡರ ನಡುವೆ. ಡಿಸ್ಕುಗಳನ್ನು ಬಿಚ್ಚಿಡಬೇಕು. ಕಾರ್ಡಿನ ಚೀಟಿಯಲ್ಲಿರುವ ಸ್ಯಾಸ್ ವಿಳಾಸವನ್ನು (ಕಾರ್ಡಿನ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಬೇಕು, ಅಳಿಸಿದ ಮೇಲೆ ಮತ್ತೆ ಕೊಡಬೇಕಾಗಬಹುದು. ಅಳಿಸಿದ ನಂತರ ಹೊಸದನ್ನು ಬರೆಯುವವರೆಗೆ ರೀಬೂಟ್ ಮಾಡಲೇಬಾರದು; ಯುಪಿಎಸ್ ಇಲ್ಲದ ಮನೆಯಲ್ಲಿ ಮಳೆಗಾಲದ ಸಂಜೆ ಈ ಕೆಲಸ ಬೇಡ.

ಉತ್ತರ 2

ಜೋಡಕಕ್ಕೆ ನನ್ನ ಒಪ್ಪಿಗೆಯಿದೆ, ಒಂದು ತಕರಾರಿನೊಂದಿಗೆ. ‘ಕಂಟ್ರೋಲರ್’ ಪದವನ್ನು ಪೂರ್ತಿ ಓಡಿಸಲಾಗದು. ಲಿನಕ್ಸ್‌ನಲ್ಲಿ ಕಾರ್ಡುಗಳ ಪಟ್ಟಿ ತೋರಿಸುವ ಎಲ್‌ಎಸ್‌ಪಿಸಿಐ ಆಜ್ಞೆ ಕೊಟ್ಟರೆ ಐಟಿ ಫರ್ಮ್‌ವೇರಿನ ಕಾರ್ಡು ಕೂಡ ‘ಸೀರಿಯಲ್ ಅಟ್ಯಾಚ್ಡ್ ಸ್ಕಸಿ ಕಂಟ್ರೋಲರ್’ ಎಂದೇ ಕಾಣುತ್ತದೆ. ಅದೇ ಚಿಪ್ಪಿನಲ್ಲಿ ಮೆಗಾರೇಡ್ ಎಂಬ ರೇಡ್ ಫರ್ಮ್‌ವೇರ್ ಇದ್ದರೆ ‘ರೇಡ್ ಬಸ್ ಕಂಟ್ರೋಲರ್’ ಎಂದಿರುತ್ತದೆ. ಹಳೆಯ ಸರ್ವರಿನಿಂದ ಕಿತ್ತ ಕಾರ್ಡು ಕೊಂಡವರಿಗೆ ಇದು ಒಳ್ಳೆಯ ಪರೀಕ್ಷೆ. ತೆರೆಯ ಮೇಲಿನ ಪದ ಕನ್ನಡ ಲಿಪಿಯಲ್ಲಾದರೂ ಕೈಪಿಡಿಯಲ್ಲಿ ಉಳಿಯಲಿ.

‘ರಿಡಂಡೆಂಟ್’ಗೆ ‘ಅನಗತ್ಯ’ ಎಂದರೆ ಅರ್ಥ ತಲೆಕೆಳಗು. ಇಡೀ ಏರ್ಪಾಡು ನಿಂತಿರುವುದೇ ಅದರ ಮೇಲೆ. ‘ಮೀಸಲು’ ಎನ್ನಬಹುದಿತ್ತು, ಆದರೆ ಆ ಪದ ‘ಹಾಟ್ ಸ್ಪೇರ್’ಗೆ ಬೇಕು: ಕೆಲಸವಿಲ್ಲದೆ ಕಾದು ಕುಳಿತ ಡಿಸ್ಕ್ ಮೀಸಲು. ರಿಡಂಡೆಂಟ್ ಭಾಗವು ಕಾದು ಕೂರುವುದಿಲ್ಲ, ಪ್ರತಿ ಬರಹದಲ್ಲೂ ದುಡಿಯುತ್ತದೆ. ‘ಪ್ರತಿ’ ಎನ್ನಲೂ ಆಗದು, ಅದು ಒಂದೇ ಬರಹವನ್ನು ಎರಡು ಡಿಸ್ಕಿನಲ್ಲಿಡುವ ಕನ್ನಡಿ ರೇಡಿಗೆ ಮಾತ್ರ ಸರಿ. ‘ಹೆಚ್ಚುವರಿ’ ನಡೆಯುತ್ತದೆ. ರೇಡ್ ಪದದ ಐ ಅಕ್ಷರ ಕೂಡ ಬದಲಾಗಿದೆ, ಅನುವಾದಿಸುವಾಗ ನೆನಪಿರಲಿ: 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಬರೆದ ಪ್ರಬಂಧದಲ್ಲಿ ಅದು ‘ಅಗ್ಗದ’ ಡಿಸ್ಕ್, ಮುಂದೆ ಉದ್ಯಮ ಅದನ್ನು ‘ಸ್ವತಂತ್ರ’ ಎಂದು ತಿದ್ದಿಕೊಂಡಿತು. ಮಾರುವವರಿಗೆ ಅಗ್ಗ ಎಂಬ ಪದ ಹಿಡಿಸದಿದ್ದರೆ ಆಶ್ಚರ್ಯವೇನಿಲ್ಲ.

ಪ್ಯಾರಿಟಿಗೆ ನಮ್ಮಲ್ಲೇ ಒಳ್ಳೆಯ ಮಾತಿದೆ: ಸರಿಬೆಸ. ಮೂರು ಡಿಸ್ಕಿನಲ್ಲಿ 1, 0, 0 ಇದೆ ಎನ್ನಿ. ಒಂದುಗಳ ಲೆಕ್ಕ ಬೆಸ. ಅದನ್ನು ಸರಿ ಮಾಡಲು ನಾಲ್ಕನೆಯ ಡಿಸ್ಕಿನಲ್ಲಿ 1 ಬರೆಯುತ್ತಾರೆ. ಮೊದಲ ಡಿಸ್ಕ್ ಸತ್ತರೆ ಉಳಿದದ್ದು 0, 0, 1. ಲೆಕ್ಕ ಬೆಸ ಆಯಿತು, ಹಾಗಾದರೆ ಕಳೆದುಹೋದದ್ದು 1. ‘ಸಮಾನತೆ’ಯಿಂದ ಇದನ್ನು ವಿವರಿಸಲು ಸಾಧ್ಯವೇ ಇಲ್ಲ. ಆದರೆ ಸರಿಬೆಸ ಒಂದೇ ಪ್ಯಾರಿಟಿಯ ರೇಡ್ 5ರವರೆಗೆ ಮಾತ್ರ. ರೇಡ್ 6ರ ಎರಡನೆಯ ಪ್ಯಾರಿಟಿ ಬೇರೊಂದು ಗಣಿತ, ಬರಿಯ ಸರಿ-ಬೆಸದ ಎಣಿಕೆಯಲ್ಲ. ಅದಕ್ಕೇ ಪದವಾಗಿ ಪ್ಯಾರಿಟಿ, ವಿವರಣೆಗೆ ಸರಿಬೆಸ.

‘ಬ್ರೇಕ್‌ಔಟ್ ಕೇಬಲ್’ಗೆ ‘ಕವಲು ಕೇಬಲ್’ ಹೇಗೆ? ಒಂದು ತುದಿಯಲ್ಲಿ ಎಸ್‌ಎಫ್‌ಎಫ್-8087 ಎಂಬ ಕನೆಕ್ಟರ್, ಇನ್ನೊಂದು ತುದಿಯಲ್ಲಿ ನಾಲ್ಕು ಸಾಟಾ. ಇದರಲ್ಲಿ ‘ಫಾರ್ವರ್ಡ್’, ‘ರಿವರ್ಸ್’ ಎಂದು ಎರಡುಂಟು, ನೋಡಲು ಅವಳಿಜವಳಿ. ಕಾರ್ಡಿನಿಂದ ನಾಲ್ಕು ಡಿಸ್ಕಿಗೆ ಹೋಗುವುದು ಫಾರ್ವರ್ಡ್. ಮದರ್‌ಬೋರ್ಡಿನ ನಾಲ್ಕು ಸಾಟಾದಿಂದ ಡಿಸ್ಕುಗಳು ಕೂರುವ ಬ್ಯಾಕ್‌ಪ್ಲೇನ್ ಫಲಕಕ್ಕೆ ಹೋಗುವುದು ರಿವರ್ಸ್. ಅದಲುಬದಲಾದರೆ ಹೊಗೆಯೇನೂ ಬರುವುದಿಲ್ಲ, ಡಿಸ್ಕ್ ಕಾಣುವುದಿಲ್ಲ ಅಷ್ಟೆ, ಮತ್ತು ಜನ ಕಾರ್ಡನ್ನು ಬೈಯುತ್ತಾರೆ. ಎರಡನೆಯದನ್ನು ‘ಕೂಡು ಕೇಬಲ್’ ಎಂದರೆ ಗೊಂದಲ ತಪ್ಪೀತು. 9300-8ಐ ಕಾರ್ಡಿಗೆ 8087 ಕೂರುವುದಿಲ್ಲ, 8643 ಬೇಕು.

ಮರುಪ್ರಶ್ನೆ

ಕವಲು, ಕೂಡು, ಸರಿಬೆಸ ಮೂರೂ ಕರಡಿಗೆ ಸೇರಿದವು. ಉಳಿದದ್ದು ಎರಡು. ಒಂದು ಪೋರ್ಟಿಗೆ ಹಲವು ಡಿಸ್ಕ್ ಸಿಕ್ಕಿಸುವ ‘ಪೋರ್ಟ್ ಮಲ್ಟಿಪ್ಲೈಯರ್’ಗೆ ‘ಪೋರ್ಟ್ ಗುಣಕ’ ಎಂದಿದೆ. ಕಾರ್ಡಿಗೆ ಬೇಕಾದ ‘200 ಎಲ್‌ಎಫ್‌ಎಂ ಗಾಳಿ’ ಎಂಬುದು ‘200 ಘನ ಅಡಿ ಗಾಳಿ’ ಆಗಿದೆ.

ಉತ್ತರ 2

ಪೋರ್ಟ್ ಮಲ್ಟಿಪ್ಲೈಯರಿನಲ್ಲಿ ಗುಣಿಸುವುದು ಪೋರ್ಟಿನ ಲೆಕ್ಕ, ಭಾಗಿಸುವುದು ವೇಗ. ಒಂದು ಸಾಟಾ ಪೋರ್ಟಿನ ಸುಮಾರು 600 ಎಂಬಿಯನ್ನು ಐದು ಡಿಸ್ಕ್ ಹಂಚಿಕೊಂಡರೆ ತಲೆಗೆ ಸೆಕೆಂಡಿಗೆ 120 ಎಂಬಿ. ಇಂದಿನ ದೊಡ್ಡ ಹಾರ್ಡ್ ಡಿಸ್ಕ್ ಒಂದೇ 250ರ ಆಸುಪಾಸು ಓಡುತ್ತದೆ. ವೇಗ ಹೋಗಲಿ ಎನ್ನಬಹುದು. ಒಂದು ಡಿಸ್ಕ್ ತಡವರಿಸಿ ಆ ಲಿಂಕ್ ರೀಸೆಟ್ ಆದರೆ ಹಿಂದಿನ ಐದೂ ಒಟ್ಟಿಗೆ ಬಿದ್ದುಹೋಗಬಹುದು, ಒಂದು ಡಿಸ್ಕಿನ ನಷ್ಟ ತಾಳುವ ರೇಡ್ ಐದನ್ನು ತಾಳುವುದಿಲ್ಲ. ‘ಪೋರ್ಟ್ ಹಂಚುಕ’ ಎಂದು ಬರೆಯಿರಿ, ಎಚ್ಚರಿಕೆಯೂ ಪದದೊಳಗೇ ಇರುತ್ತದೆ. ಕೊಳ್ಳುವವರು ಚಿಪ್ಪಿನ ಹೆಸರು ಕೇಳಲಿ: ಜೆಎಂಬಿ585ಕ್ಕೆ ಐದು ಪೋರ್ಟು, ಎಎಸ್‌ಎಂ1166ಕ್ಕೆ ಆರು. ಅಂಥ ಒಂದೇ ಚಿಪ್ಪಿನ ಹೆಸರು ಹೇಳಿ ಹತ್ತು ಪೋರ್ಟು ತೋರಿಸಿದರೆ ನಡುವೆ ಹಂಚುಕವೋ ಇನ್ನೊಂದು ಚಿಪ್ಪೋ ಇದೆ. ಐದಾರು ಡಿಸ್ಕೇ ಸಾಕು ಎನ್ನುವವರಿಗೆ ಇವೆರಡರಲ್ಲಿ ಒಂದು ಚಿಪ್ಪಿರುವ ಕಾರ್ಡು ಎಚ್‌ಬಿಎಗಿಂತ ವಾಸಿ, ಕರೆಂಟೂ ಕಡಿಮೆ, ಬಿಸಿಯೂ ಕಡಿಮೆ.

ಉತ್ತರ 1

ಎಲ್‌ಎಫ್‌ಎಂನಲ್ಲಿ ಘನ ಎಂಬುದೇ ಇಲ್ಲ. ಅದು ಗಾಳಿಯ ಪ್ರಮಾಣವಲ್ಲ, ವೇಗ: ನಿಮಿಷಕ್ಕೆ 200 ಅಡಿ, ಅಂದರೆ ಸೆಕೆಂಡಿಗೆ ಸುಮಾರು ಒಂದು ಮೀಟರ್. ಸರ್ವರ್ ಪೆಟ್ಟಿಗೆಯಲ್ಲಿ ಮುಂದಿನಿಂದ ಹಿಂದಕ್ಕೆ ಬೀಸುವ ಗಾಳಿಯನ್ನು ನಂಬಿ ಎಚ್‌ಬಿಎ ಕಾರ್ಡುಗಳಿಗೆ ಬರಿಯ ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ತುಂಡು) ಹಾಕಿರುತ್ತಾರೆ. ಸದ್ದಿರದ ಮನೆಯ ಕೇಸಿನಲ್ಲಿ ಆ ಬೀಸು ಇರುವುದಿಲ್ಲ, ಚಿಪ್ಪು ಕಾದು ಡಿಸ್ಕುಗಳು ನಡುನಡುವೆ ಮಾಯವಾಗತೊಡಗುತ್ತವೆ. ‘ಹೀಟ್‌ಸಿಂಕಿನ ಮೇಲೆ 40 ಮಿ.ಮೀ. ಫ್ಯಾನ್ ಕೂರಿಸಿ’ ಎಂದು ಅದೇ ಸಾಲಿನಲ್ಲಿ ಸೇರಿಸಿ.