ಹಳೇ ಕಲ್ಲಿನ ವಾಡೇಕ್ಕ ಕಾರ್ಬನ್ ಫೈಬರ್ ಹಚ್ಚಬಹುದೇನ್ರಿ? (ಅಕ್ಕಲಕೋಟ ಕಡೆ)

ಗಡಿನಾಡ_ಹುಡುಗ:
ನಮಸ್ಕಾರ್ರಿ ಎಲ್ಲಾರಿಗೂ. ಅಕ್ಕಲಕೋಟ ತಾಲೂಕಿನ್ಯಾಗ ನಮ್ಮ ಮುತ್ಯಾ ಕಟ್ಟಿಸಿದ ವಾಡೆ ಅದ, ಎರಡು ಫೂಟಿಗಿಂತ ದಪ್ಪ ಕಲ್ಲಿನ ಗ್ವಾಡಿ, ಬರೀ ಮಣ್ಣಿನ ಕೆಸರಿನ್ಯಾಗ ಕಟ್ಟಿದ್ದು, ಮ್ಯಾಲ ತೊಲಿ ಜಂತಿ, ಅದರ ಮ್ಯಾಲ ಮಣ್ಣಿನ ಮಾಳಗಿ. ಈಗ ಒಂದು ಮೂಲ್ಯಾಗ ಬಿರುಕ ಬಿಟ್ಟದ. ಕಾಂಟ್ರಾಕ್ಟರ್ ಒಬ್ಬ ನೋಡಿ, ಎಪಾಕ್ಸಿ ಅನ್ನೋ ಅಂಟು ಬಳದು ಕಾರ್ಬನ್ ಫೈಬರ್ ಪಟ್ಟಿ ಅಂಟಿಸಿದ್ರ ಭೂಕಂಪಕ್ಕೂ ಏನೂ ಆಗಲ್ಲ ಅಂದ. ಕೆಡವೋ ಮನಸ್ಸಿಲ್ಲ, ಅವ್ವ ಇನ್ನೂ ಅಲ್ಲೇ ಇರ್ತಾಳ. 1993ರಾಗ ಭೂಕಂಪ ಆದ ಕಿಲ್ಲಾರಿ ನಮಗ ದೂರ ಇಲ್ಲ. ಖರೇನ ಕೆಲಸಕ್ಕ ಬರ್ತದೇನ್ರಿ?

ಸ್ಟ್ರಕ್ಚರ್_ಪುಣೆ:
ಬ್ಯಾಡ್ರಿ, ಸದ್ಯಕ್ಕಂತೂ ಬ್ಯಾಡ. ಕಾರ್ಬನ್ ಫೈಬರ್ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಗ್ಗು ತಡೀತದ, ಅದರಾಗ ಸುಳ್ಳಿಲ್ಲ, ಆದ್ರ ಅಂಟ್ಕೊಳ್ಳಾಕ ಗಟ್ಟಿ ಮೈ ಬೇಕಲ್ಲ. ನಿಮ್ಮ ಗ್ವಾಡಿ ಅಂದ್ರ ಹೊರಗೊಂದು ಸಾಲು, ಒಳಗೊಂದು ಸಾಲು, ನಡುವ ಮಣ್ಣು ಚೂರ್ಗಲ್ಲು. ನೆಲ ಅಲುಗಿದಾಗ ಎರಡೂ ಸಾಲು ಬ್ಯಾರೆ ಬ್ಯಾರೆ ಆಗಿ ಹೊಟ್ಟಿ ಬಿಟ್ಟು ಬೀಳ್ತಾವ, ಪಟ್ಟಿ ಹಚ್ಚಿದ ಕಲ್ಲು ಪಟ್ಟೀ ಸಂಗಟನ ಕಿತ್ಕೊಂಡು ಬರ್ತದ. ಮ್ಯಾಲಾಗಿ ಎಪಾಕ್ಸಿ ಬಳದ ಕಡೆ ಗ್ವಾಡಿ ಒಳಗಿನ ಹಸಿ ಹೊರಗ ಹೋಗಲ್ಲ, ಸೈಟ್‌ನಾಗ ಒಣಗಿಸೋ ಸಾದಾ ಎಪಾಕ್ಸಿ 50-60 ಡಿಗ್ರಿ ಸುತ್ತ ಮೆತ್ತಗಾಗ್ಲಾಕ ಶುರು, ನಮ್ಮ ಬ್ಯಾಸಗಿ ಬಿಸಿಲು ನಿಮಗ ಗೊತ್ತೇ ಅದ. 1997ರಾಗ ಭೂಕಂಪಕ್ಕ ಇಟಲಿಯ ಅಸ್ಸಿಸಿ ಬಸಿಲಿಕಾ ಚರ್ಚಿನ ಕಮಾನು ಬಿದ್ದಾಗ ಅರಾಮಿಡ್ ಅನ್ನೋ ಗಟ್ಟಿ ನೂಲಿನ ಫೈಬರ್ ಪಕ್ಕೆ ಕಟ್ಟಿ ಭದ್ರ ಮಾಡಿದ್ರು ಖರೆ, ಆದ್ರ ಅದು ಗಾರ್‍ಯಾಗ ಕಟ್ಟಿದ ಕಮಾನು, ಮಣ್ಣಿನ್ಯಾಗ ಕಟ್ಟಿದ್ದಲ್ಲ.

ಉಮರ್ಗಾ_ಅಕ್ಕ:
ತಮ್ಮಾ, ಮೊದ್ಲು ಮಾಳಗಿ ಮಣ್ಣು ಇಳಸು. 1993 ಸೆಪ್ಟೆಂಬರ್ 30ರ ನಸುಕಿನ್ಯಾಗ, ಗಣಪತಿ ಕಳಿಸಿ ಮಂದಿ ಮಲಗಿದ್ರು, ತೀವ್ರತೆ 6.2 ಅಷ್ಟೇ, ಆದ್ರೂ ಸುಮಾರು 10 ಸಾವಿರ ಜನ ಹೋದ್ರು. ಕೊಂದಿದ್ದು ಇಂಥಾ ಕಲ್ಲು, ಇಂಥಾ ಮಣ್ಣಿನ ಭಾರ. ಸೋರ್ತದಂತ ಮಳಿಗಾಲಕ್ಕೊಮ್ಮೆ ಮಣ್ಣು ಹಾಕಿ ಹಾಕಿ ಎಷ್ಟು ದಪ್ಪ ಆಗಿರ್ತದ ನೋಡು. ಆವಾಗ ಕಿಲ್ಲಾರಿ ಭೂಕಂಪದ ಅಪಾಯ ತೋರಿಸೋ ನಕಾಶೆದಾಗ ಎಲ್ಲಾಕ್ಕಿಂತ ಕಡಿಮಿ ಝೋನ್‌ನಾಗಿತ್ತು, 2002ಕ್ಕ ಝೋನ್ 3 ಮಾಡಿದ್ರು.

ಗಡಿನಾಡ_ಹುಡುಗ:
ಅಕ್ಕಾ, ಮಣ್ಣು ಇಳಸ್ತೀನಿ. ಆದ್ರ ಆ ಎರಡು ಸಾಲು ಕೂಡಿಸೋದು ಹ್ಯಾಂಗ?

ಸ್ಟ್ರಕ್ಚರ್_ಪುಣೆ:
ಕಲ್ಲು ಇಟ್ಟಂಗಿ ಮನಿ ಭೂಕಂಪಕ್ಕ ಭದ್ರ ಮಾಡೋ ಭಾರತೀಯ ಮಾನಕ ಐಎಸ್ 13935ನ್ಯಾಗ ಅದರ ದಾರಿ ಅದ. ಅಡ್ಡ ಉದ್ದ ಒಂದೊಂದು ಮೀಟರ್‌ಗೆ ಗ್ವಾಡಿ ಆರಪಾರ ತೂತು, ಸುತ್ತಿಗಿ ಹೊಡೀಬಾರ್ದು, ಕಲ್ಲು ಮೆಲ್ಲಕ ಅಲುಗಾಡಿಸಿ ತೆಗೀಬೇಕು, ಅದರಾಗ ಎರಡೂ ತುದಿ ಕೊಕ್ಕಿ ಮಾಡಿದ 8 ಎಂಎಂ ಸರಳು ಇಟ್ಟು ಕಾಂಕ್ರೀಟ್ ತುಂಬೋದು. ಆಮ್ಯಾಲ ಬಾಗಲದ ಮ್ಯಾಲ ಮತ್ತ ಮಾಳಗಿ ಕೆಳಗ ಮನಿ ಸುತ್ತೂ ವೆಲ್ಡ್ ಮೆಶ್ (ಬೆಸದ ತಂತಿ ಜಾಳಗಿ) ಬೆಲ್ಟ್. ಇಷ್ಟಾದ ಮ್ಯಾಲೂ ಫೈಬರ್ ಬೇಕಂದ್ರ, ಕ್ಷಾರ ತಡಿಯೋ ಗಾಜಿನ ನೂಲಿನ ಜಾಳಗಿ ಇಲ್ಲಾ ಬಸಾಲ್ಟ್ ಜಾಳಗಿ ಸುಣ್ಣದ ಗಾರ್‍ಯಾಗ ಕೂಡಿಸಿ ಎರಡೂ ಮಗ್ಗಲ ಹಚ್ಚಿ, ಆರಪಾರ ಕಟ್ರಿ. ಗ್ವಾಡಿ ಹಸಿನೂ ಹೊರಗ ಹೋಗ್ತದ, ರೊಕ್ಕಾನೂ ಕಾರ್ಬನ್‌ಕಿಂತ ಕಡಿಮಿ.

ಉಮರ್ಗಾ_ಅಕ್ಕ:
ಕೆಲಸ ನಡದಾಗ ಅವ್ವನ್ನ ಬ್ಯಾರೆ ಕಡೆ ಇಡು, ತೊಲಿಗೆ ಟೇಕಾ ಕೊಡೋತನಕ ಗೌಂಡಿಗೆ ಗ್ವಾಡಿ ಮುಟ್ಟಾಕ ಬಿಡಬ್ಯಾಡ.

ಸ್ಟ್ರಕ್ಚರ್_ಪುಣೆ:
ಆ ಮೂಲಿ ಬಿರುಕಿನ ಫೋಟೋ ಒಳಗಿಂದೂ ಹೊರಗಿಂದೂ ಹಾಕ್ರಿ, ಗ್ವಾಡಿ ಹೊಟ್ಟಿ ಬಿಟ್ಟದೋ ಇಲ್ಲೋ ನೋಡಬೇಕು.