ಮಟ್ಟು ಅದೇ, ನಡೆ ಬೇರೆ: ಇದಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಪಾಶ್ಚಾತ್ಯ ಶಾಸ್ತ್ರೀಯ ಕೃತಿಗಳನ್ನು ರಾಕ್ ತಂಡಗಳು ಎತ್ತಿಕೊಂಡು ನುಡಿಸಿದ್ದರ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಮಟ್ಟು, ಅಂದರೆ ಹಾಡಿನ ಧಾಟಿ, ಹಾಗೇ ಉಳಿಸಿ ನಡೆ, ಅಂದರೆ ತಾಳದ ಏಟಿನ ಒಳಗಿನ ಲೆಕ್ಕ, ಬದಲಿಸುವುದಕ್ಕೆ ಪದ ಸಿಗದೆ ಅರ್ಧಕ್ಕೆ ನಿಂತಿದೆ.

‘ರೀಮಿಕ್ಸ್’ ಅಂತ ಬಹಳ ಜನ ಸುಮ್ನೆ ಬರೆದುಬಿಡುತ್ತಾರೆ. ಅದು ಸರಿಯಲ್ಲ. ರೀಮಿಕ್ಸ್ ಅಂದರೆ ಆಗಲೇ ಇರುವ ಧ್ವನಿಮುದ್ರಣವನ್ನೇ ಕತ್ತರಿಸಿ ಜೋಡಿಸುವುದು.

‘ರೂಪಾಂತರ’ ನಾಟಕದವರ ಪದ. ಊರು, ಪಾತ್ರ, ಮಾತು ಎಲ್ಲ ಬದಲಾದಾಗ ಒಪ್ಪುತ್ತದೆ. ರಷ್ಯಾದ ಸಂಗೀತ ರಚನಕಾರ ಮುಸೋರ್ಗ್‌ಸ್ಕಿ 1874ರಲ್ಲಿ ಪಿಯಾನೋ ಒಂದಕ್ಕೇ ಬರೆದ ‘ಪಿಕ್ಚರ್ಸ್ ಅಟ್ ಆನ್ ಎಕ್ಸಿಬಿಷನ್’ ಕೃತಿಯನ್ನು ಎಮರ್ಸನ್, ಲೇಕ್ ಅಂಡ್ ಪಾಮರ್ ತಂಡ 1971ರಲ್ಲಿ ನುಡಿಸಿತು. ಸಾಹಿತ್ಯ ಸೇರಿಸಿದರು, ನಡುವೆ ತಮ್ಮದೇ ಹಾಡನ್ನೂ ಇಟ್ಟರು. ಇದನ್ನು ರೂಪಾಂತರ ಅನ್ನಲು ನನಗೆ ಅಡ್ಡಿಯಿಲ್ಲ.

ಆದರೆ 1969ರಲ್ಲಿ ಜೆತ್ರೋ ಟಲ್ ತಂಡ ನುಡಿಸಿದ ‘ಬುರೇ’? ಅದು ಜರ್ಮನಿಯ ರಚನಕಾರ ಬಾಖ್‌ನ ಪುಟ್ಟ ಕುಣಿತದ ತುಣುಕು, ತಂತಿವಾದ್ಯ ಲ್ಯೂಟ್‌ನ ಕೃತಿ ಅಂತಲೇ ಹೆಸರಾದದ್ದು. ನಮ್ಮ ಸ್ವರದಲ್ಲಿ ಶುರು ಹೀಗೆ: ಸರಿ ಗಾ, ರಿಸ ನೀ. ಬಾಖ್‌ನಲ್ಲಿ ಆ ‘ಸರಿ’ ಸಮಸಮ. ಟಲ್‌ನವರ ಕೊಳಲಿನಲ್ಲಿ ‘ಸ’ ಉದ್ದ, ‘ರಿ’ ಗಿಡ್ಡ. ಒಂದೊಂದು ಏಟಿಗೂ ತಿಶ್ರದ, ಅಂದರೆ ಮೂರರ ಲೆಕ್ಕದ, ತೂಗು ಬಂದುಬಿಡುತ್ತದೆ. ಕೈಯಲ್ಲಿ ತಾಳ ಹಾಕಿ ನೋಡಿ, ತಕ್ಷಣ ಗೊತ್ತಾಗುತ್ತದೆ. ಸ್ವರ ಅವೇ, ನಡೆ ಬೇರೆ. ನಡುವೆ ಅವರದೇ ಮನೋಧರ್ಮ (ಅಲ್ಲೇ ಹೊಸದಾಗಿ ಕಟ್ಟಿ ನುಡಿಸುವುದು), ಆಮೇಲೆ ಮತ್ತೆ ಬಾಖ್. ಎಷ್ಟು ಸಲ ಕೇಳಿದರೂ ಆ ತಿರುಗಿ ಬರುವ ಜಾಗ ನನಗೆ ರೋಮಾಂಚನ.

ನಮ್ಮಲ್ಲಿ ಇದರ ಇನ್ನೊಂದು ಬಗೆ ಇದೆ, ಅಲ್ವಾ? ಬ್ರಿಟನ್ನಿನ ರಾಷ್ಟ್ರಗೀತೆ ‘ಗಾಡ್ ಸೇವ್ ದ ಕಿಂಗ್’ ಮಟ್ಟಿಗೆ ಮುತ್ತುಸ್ವಾಮಿ ದೀಕ್ಷಿತರು ‘ಸಂತತಂ ಪಾಹಿಮಾಂ’ ಸಾಹಿತ್ಯ ಕೂರಿಸಿದರು. ಅಲ್ಲಿ ಮಟ್ಟು ಉಳಿಯಿತು, ಮಾತು ಬಂತು. ಅಂಥವಕ್ಕೆ ನೋಟ್ಟುಸ್ವರ ಅನ್ನೋ ಹೆಸರು ನಿಂತಿದೆ. ‘ನೋಟ್’ ಎಷ್ಟು ಸಲೀಸಾಗಿ ನಮ್ಮದಾಯಿತು ನೋಡಿ! ಟಲ್‌ನವರು ಮಾಡಿದ್ದಕ್ಕೂ ಅಷ್ಟೇ ಸಲೀಸಾದ ಪದ ಬೇಕು.

‘ಅಳವಡಿಕೆ’ ತಪ್ಪಲ್ಲ, ಆದರೆ ಏನು ಬದಲಾಯಿತು ಅನ್ನೋದನ್ನೇ ಹೇಳುವುದಿಲ್ಲ. ‘ಮರುನಡೆ’ ಅಂದರೆ ವಾಪಸ್ ಹೋಗುವುದು ಅನ್ನಿಸುತ್ತದೆ. ಸದ್ಯಕ್ಕೆ ‘ಹೊಸನಡೆ’ ಅಂತ ಬರೆದಿಟ್ಟಿದ್ದೇನೆ: ‘ಬಾಖ್‌ನ ಬುರೇ, ಟಲ್ ತಂಡದ ಹೊಸನಡೆ’.

ನನ್ನ ಅನುಮಾನ ಇಷ್ಟೇ. ಸಂಗೀತ ಕಲಿಯದವರಿಗೆ ‘ನಡೆ’ ಅಂದಾಗ ತಾಳ ನೆನಪಾಗುತ್ತದಾ, ಇಲ್ಲಾ ಪೇಪರಿನ ‘ಸರ್ಕಾರದ ನಡೆ’ ನೆನಪಾಗುತ್ತದಾ? ಹಾಗೇ, ‘ಮಟ್ಟು’ ಯಕ್ಷಗಾನದವರ ಬಾಯಲ್ಲಿ ಇನ್ನೂ ಇದೆ. ನಿಮ್ಮ ಕಡೆ ಬೇರೆ ಯಾರಾದರೂ ಬಳಸುತ್ತಾರಾ? ಭಜನೆ ಮೇಳದವರು, ಕೋಲಾಟದವರು ಏನಂತಾರೆ ತಿಳಿಸಿ.