ಕಷಾಯ ಕೊಟ್ಟ ಮೇಲೆ ಹುಳ ಬಿದ್ದವು, ಆದರೂ ಮೇಕೆ ಸೊರಗುತ್ತಿವೆ. ಎಲ್ಲಿ ತಪ್ಪಿದೆ?

ಮರಿಮಂದೆ: 14 ಮೇಕೆ ಸಾಕಿದ್ದೇನೆ. ಮಾಮೂಲಿ ಜಂತಿನ ಔಷಧಿ ಮೊದಲಿನ ಹಾಗೆ ಹಿಡೀತಿಲ್ಲ ಅನ್ನಿಸಿ ಗಿಡಮೂಲಿಕೆ ಕಡೆ ಬಂದೆ. ಪಪ್ಪಾಯಿ ಎಲೆ, ಬೇವಿನ ಸೊಪ್ಪು, ಬೆಳ್ಳುಳ್ಳಿ ಜಜ್ಜಿ ಅರ್ಧ ಗಂಟೆ ಕುದಿಸಿ, ಸೋಸಿ, 3 ದಿನ ಕುಡಿಸಿದೆ. ಎರಡನೇ ದಿನವೇ ಹಿಕ್ಕೆಯಲ್ಲಿ ಅನ್ನದ ಅಗುಳಿನಂಥ ಬಿಳಿ ಚೂರುಗಳು ಬಿದ್ದವು. ಗೆದ್ದೆ ಅಂದುಕೊಂಡೆ. ಈಗ 3 ವಾರ ಆಯ್ತು, ಎರಡು ಮೇಕೆ ಮಂದೆಯ ಹಿಂದೆ ಬೀಳುತ್ತಿವೆ, ಒಂದಕ್ಕೆ ಸಂಜೆ ಹೊತ್ತಿಗೆ ದವಡೆ ಕೆಳಗೆ ನೀರಿನ ಚೀಲದ ಹಾಗೆ ಊದಿರುತ್ತದೆ, ಬೆಳಿಗ್ಗೆ ಇಳಿದಿರುತ್ತದೆ. ಭೇದಿ ಇಲ್ಲ. ಕಷಾಯ ಡಬಲ್ ಮಾಡಲಾ?

ಹಳೇಕೊಟ್ಟಿಗೆ: ಬೇಡ. ಮೊದಲು ಬೆಳಕಿಗೆ ನಿಲ್ಲಿಸಿ ಕೆಳರೆಪ್ಪೆ ಬಿಡಿಸಿ ಒಳಗಿನ ಬಣ್ಣ ನೋಡಿ ಹೇಳಿ.

ಮರಿಮಂದೆ: ಊದಿದ ಮೇಕೆಗೆ ಪೂರ್ತಿ ಬಿಳಿ. ಇನ್ನೊಂದಕ್ಕೆ ತೆಳು ಗುಲಾಬಿ. ಉಳಿದವು ಕೆಂಪಗೇ ಇವೆ.

ಹಳೇಕೊಟ್ಟಿಗೆ: ಹಾಗಾದರೆ ರಕ್ತ ಹೀರುವ ಹೀಮಾಂಕಸ್ ಹುಳದ ಮೇಲೇ ನನಗೆ ಅನುಮಾನ. ನಾಲ್ಕನೇ ಹೊಟ್ಟೆಯಲ್ಲಿ ಕಚ್ಚಿಕೊಂಡಿರುತ್ತದೆ. ಒಂದು ಹುಳ ದಿನಕ್ಕೆ ಸುಮಾರು 0.05 ಮಿಲಿ ರಕ್ತ ತೆಗೆಯುತ್ತದೆ. ಏನು ಮಹಾ ಅನ್ನಿಸುತ್ತದೆ, ಸಾವಿರ ಹುಳ ಇದ್ದರೆ 50 ಮಿಲಿ ಆಯ್ತಲ್ಲ. ಇದಕ್ಕೆ ಭೇದಿ ಆಗಲೇಬೇಕು ಅಂತಿಲ್ಲ.

ನೀವು ಕಂಡ ಬಿಳಿ ಚೂರು ಲಾಡಿಹುಳದ ತುಂಡು. ಅದು ಏನೂ ಕೊಡದಿದ್ದರೂ ಬೀಳುತ್ತದೆ. ಮೇಕೆಯನ್ನು ಕೊಲ್ಲುವ ಹುಳ ಹಿಕ್ಕೆಯಲ್ಲಿ ಕಣ್ಣಿಗೆ ಬೀಳುವುದಿಲ್ಲ, ಅದರ ಮೊಟ್ಟೆ ಕಾಣಬೇಕಾದರೂ ಸೂಕ್ಷ್ಮದರ್ಶಕ ಬೇಕು. ನಾನೂ ಒಂದು ಸಲ ಹೀಗೇ ಅಗುಳು ನೋಡಿ ಖುಷಿಪಟ್ಟು ಒಳ್ಳೇ ಮೇಕೆ ಕಳ್ಕೊಂಡಿದ್ದೇನೆ.

ಆ ಬಿಳಿ ರೆಪ್ಪೆಯದಕ್ಕೆ ಇವತ್ತೇ ಪಶುವೈದ್ಯರನ್ನು ಕರೆಸಿ. ಅದನ್ನು ಓಡಿಸಬೇಡಿ, ಅಷ್ಟು ರಕ್ತ ಕಮ್ಮಿ ಇದ್ದರೆ ಓಡಿದರೇ ಬಿದ್ದುಬಿಡುತ್ತದೆ. ಹಳೇ ಔಷಧಿ ಕುರಿ ಲೆಕ್ಕದಲ್ಲಿ ಕೊಡ್ತಿದ್ರಾ? ಮೇಕೆಯ ಮೈ ಅದನ್ನು ಬೇಗ ಕರಗಿಸಿಬಿಡುತ್ತದೆ, ಹಾಗಾಗಿ ಕುರಿ ಡೋಸ್ ಸಾಲುವುದಿಲ್ಲ. ಅರೆಬರೆ ಡೋಸ್ ಕೊಟ್ಟು ಕೊಟ್ಟೇ ಹುಳ ಜಗ್ಗದ ಹಾಗೆ ಆಗುವುದು.

ಒಗರುಸೊಪ್ಪು: ಕಷಾಯದ ವಿಷಯ ನಾನು ಹೇಳ್ತೀನಿ. ಪಪ್ಪಾಯಿಯಲ್ಲಿ ಹುಳಕ್ಕೆ ತಾಗುವುದು ಅದರ ಹಾಲಿನಲ್ಲಿರುವ ಪಪೇನ್ ಥರದ ಕಿಣ್ವ. ಅದು ಹುಳದ ಹೊರಪದರವನ್ನೇ ಅರಗಿಸುತ್ತದೆ. ಅರ್ಧ ಗಂಟೆ ಕುದಿಸಿದರೆ ಕಿಣ್ವ ಎಲ್ಲಿ ಉಳಿಯುತ್ತದೆ ಹೇಳಿ? ಬೆಳ್ಳುಳ್ಳಿಯ ಘಾಟಿನ ಅಂಶ ಅಲಿಸಿನ್, ಅದರ ಕಥೆಯೂ ಅದೇ. ಇನ್ನು ಡಬಲ್ ಮಾಡುವ ಮಾತು: ಬೆಳ್ಳುಳ್ಳಿ, ಈರುಳ್ಳಿ ಜಾಸ್ತಿಯಾದರೆ ಕೆಂಪು ರಕ್ತಕಣಗಳೇ ಒಡೆಯುತ್ತವೆ. ಮೊದಲೇ ರಕ್ತ ಇಲ್ಲದ ಮೇಕೆ ಅಲ್ವಾ. ಬೇವಿನ ಮಾತು ಬಿಡಿ, ಗಾಜಿನ ತಟ್ಟೆಯಲ್ಲಿ ಮರಿಹುಳ ಸಾಯುತ್ತವೆ, ಮೇಕೆಯ ಹೊಟ್ಟೆಯಲ್ಲಿ ಅಷ್ಟು ನಂಬಿಕೆಗೆ ಬರುವುದಿಲ್ಲ.

ನನಗೆ ಭರವಸೆ ಇರುವುದು ಒಗರಿನ ಮೇವಿನಲ್ಲಿ, ಅಂದರೆ ಟ್ಯಾನಿನ್ ಇರುವ ಸೊಪ್ಪು. ಜಾಲಿ ಜಾತಿಯವು, ಲೆಸ್ಪಿಡೀಜಾ, ಸೇನ್‌ಫಾಯಿನ್ ಅನ್ನುವ ಮೇವಿನ ಗಿಡಗಳು. ಹುಳ ಪೂರ್ತಿ ಸಾಯುವುದಿಲ್ಲ, ಮೊಟ್ಟೆ ಇಡುವುದು ತಗ್ಗುತ್ತದೆ, ಹೊಸ ಮರಿಹುಳ ನೆಲೆಯೂರುವುದು ಕಷ್ಟವಾಗುತ್ತದೆ. ಅಂದರೆ ತಿಂಗಳುಗಟ್ಟಲೆ ಮೇಯಿಸುವ ಕೆಲಸ, ಮಲಗಿದ ಮೇಕೆಯನ್ನು ಎಬ್ಬಿಸುವ ಔಷಧಿ ಅಲ್ಲ. ಅತಿಯಾದರೆ ಮೇವು ಬಿಡುತ್ತವೆ, ಅದೂ ನೆನಪಿರಲಿ.

ಮರಿಮಂದೆ: ಡಾಕ್ಟರ್ ಬಂದು ಹೋದರು. ಮೇಕೆ ಲೆಕ್ಕದಲ್ಲೇ ಬೇರೆ ಔಷಧಿ ಕೊಟ್ಟರು, ಕೊಡುವ ಮೊದಲು ಹುಳದ ಮೊಟ್ಟೆ ಎಣಿಸಲು ಹಿಕ್ಕೆ ತಗೊಂಡರು. ಕೆಂಪು ರೆಪ್ಪೆಯವಕ್ಕೆ ಸುಮ್ನೆ ಕೊಡಬೇಡ ಅಂದರು. ನಾಲ್ಕನೇ ದಿನಕ್ಕೆ ಊತ ಅರ್ಧ ಇಳಿದಿದೆ. ಮತ್ತೆ ಹಿಕ್ಕೆ ಯಾವಾಗ ಕೊಡಬೇಕು?

ಹಳೇಕೊಟ್ಟಿಗೆ: ಔಷಧಿ ಕೊಟ್ಟ 10ರಿಂದ 14ನೇ ದಿನದೊಳಗೆ, ಅದೇ ಮೇಕೆಗಳದ್ದು. ಮೊಟ್ಟೆ ಎಣಿಕೆ 95% ಇಳಿಯದಿದ್ದರೆ ಆ ಔಷಧಿಯೂ ಹಿಡೀತಿಲ್ಲ ಅಂತ ಅನುಮಾನಪಡಿ. ನೆಲದಿಂದ ಎತ್ತಬೇಡಿ, ಗುದದಿಂದಲೇ ಬಿಸಿಬಿಸಿ ತೆಗೆದು ಗಾಳಿಯಾಡದ ಹಾಗೆ ಕಟ್ಟಿ. ಅವತ್ತೇ ಒಯ್ಯಲು ಆಗದಿದ್ದರೆ ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಿ ಬೇಡ, ಮೊಟ್ಟೆ ಹಾಳಾಗುತ್ತದೆ. ಮನೆಯವರಿಗೆ ಮೊದಲೇ ಹೇಳಿ ಇಡಿ.